ಎಂಟು ದಿನ ಮುಂದಿನ ಶಾಕಂಬರಿ

ಮೊದಲೇ ಹೇಳಿಬಿಡುತ್ತೇನೆ, ಪಾಠದ ವಿಡಿಯೊ ಎಂದರೆ ನನಗೆ ಆಗಿಬರುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಇಲಾಖೆಯವರು ಕಳಿಸಿದ ಬಗೆಬಗೆಯ ವಿಡಿಯೊಗಳನ್ನೆಲ್ಲ ನೋಡಿ ಮುಗಿಸಿದ್ದೇನೆ. ಯಾವುದೋ ದೇಶದ ಹುಡುಗ ಹಿಮದ ಮೇಲೆ ನಿಂತು ಇವತ್ತು ಹವೆ ಚೆನ್ನಾಗಿದೆ ಎನ್ನುತ್ತಾನೆ. ನಮ್ಮ ಮಕ್ಕಳು ಅವನ ಟೋಪಿ ನೋಡುತ್ತಾರೆ. ಏನು ಕಲಿತಿರಿ ಎಂದರೆ ಟೋಪಿಯ ಬಣ್ಣ ಹೇಳುತ್ತಾರೆ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂಥ ಒಂದು ದಿನ ಟಿ.ವಿ.ಯ ವೈರನ್ನೇ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ಉಂಟು.

ಹಾಗಿರುವಾಗ, ಕಳೆದ ಜೂನಿನಲ್ಲಿ ನಾನು ತಿಪಟೂರಿನಿಂದ ಹಿರೇಮಾಳಗಿಗೆ ವರ್ಗವಾಗಿ ಬಂದ ವಾರವೇ ಧಾರವಾಡದಿಂದ ‘ಪಡಿಯಚ್ಚು’ ಯೋಜನೆಯ ಪೆಟ್ಟಿಗೆಗಳೂ ಬಂದು ಇಳಿದವು. ಹತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳಿಗೂ ಒಂದೊಂದು ಟ್ಯಾಬ್ ಹಂಚಬೇಕಂತೆ. ನಾನು ಮೂಗು ಮುರಿದೆ. ಹಿರೇಮಾಳಗಿ ಪವರ್‌ಲೂಮಿನ ಊರು, ಜಮಖಂಡಿಯಿಂದ ಮುಕ್ಕಾಲು ಗಂಟೆಯ ದಾರಿ. ಮನೆಗೆ ಎರಡೋ ನಾಲ್ಕೋ ಮಗ್ಗ. ಬೆಳಗಾದರೆ ಶುರುವಾಗುವ ಖಟಖಟ ದೀಪ ಹಚ್ಚಿದ ಮೇಲೂ ನಿಲ್ಲುವುದಿಲ್ಲ. ಆ ಸದ್ದಿಗೆ ಹೆದರಿ ನಾನು ಊರಾಚೆ, ಶಾಲೆಯ ಮಗ್ಗುಲಲ್ಲೇ ಬಾಡಿಗೆ ಮನೆ ಹಿಡಿದೆ. ಏಳು ತಿಂಗಳಲ್ಲಿ ಒಬ್ಬ ವಿದ್ಯಾರ್ಥಿಯ ಮನೆಗೂ ಹೋಗಲಿಲ್ಲ. ಈ ಕಥೆಯಲ್ಲಿ ಯಾರದಾದರೂ ತಪ್ಪಿದ್ದರೆ ಮೊದಲನೆಯದು ನನ್ನದೇ.

ಪಡಿಯಚ್ಚು ಹಳೆಯ ವಿಡಿಯೊಗಳ ಹಾಗಲ್ಲ ಎಂದು ಒಪ್ಪಲೇಬೇಕು. ಮಗು ಬೇರೆ ಯಾರನ್ನೋ ನೋಡಿ ಕಲಿಯುವ ಬದಲು ತನ್ನನ್ನೇ ನೋಡಿ ಕಲಿತರೆ ಏನಾದೀತು ಎಂಬ ಒಂದೇ ಪ್ರಶ್ನೆಯಿಂದ ಹುಟ್ಟಿದ ಯಂತ್ರ ಅದು. ಮೊದಲು ಮಗುವನ್ನು ಕ್ಯಾಮೆರಾದ ಮುಂದೆ ಕೂರಿಸಿ ಎರಡು ತಾಸು ಕನ್ನಡದಲ್ಲಿ ಮಾತಾಡಿಸುತ್ತಾರೆ. ದವಡೆ ಹೇಗೆ ಇಳಿಯುತ್ತದೆ, ನಗುವಾಗ ಯಾವ ಕೆನ್ನೆ ಮೊದಲು ಏಳುತ್ತದೆ, ಗಂಟಲು ಎಂಥದು, ಎಲ್ಲವನ್ನೂ ಯಂತ್ರ ಕಲಿತುಕೊಳ್ಳುತ್ತದೆ. ಆಮೇಲೆ ಅದೇ ಮುಖ ಅದೇ ದನಿಯಲ್ಲಿ ಇಂಗ್ಲಿಷ್ ಮಾತಾಡುವ ವಿಡಿಯೊ ಕಟ್ಟುತ್ತದೆ. ಪರದೆಯ ಮೇಲಿನ ಆ ಮಗು ದೊಡ್ಡ ಪಂಡಿತನೇನಲ್ಲ. ಅದರ ಇಂಗ್ಲಿಷ್ ಈ ಮಗುವಿನ ಇಂಗ್ಲಿಷಿಗಿಂತ ಎಂಟು ದಿನ ಮುಂದೆ, ಅಷ್ಟೆ. ಇವತ್ತು ಅದು ಆಡಿದ ಮಾತನ್ನು ಇನ್ನೆಂಟು ದಿನಕ್ಕೆ ನೀನೇ ಆಡುತ್ತೀಯ. ಅಷ್ಟರಲ್ಲಿ ಅದು ಮತ್ತೆಂಟು ದಿನ ಮುಂದೆ ಹೋಗಿರುತ್ತದೆ. ಅದು ಪ್ರಶ್ನೆ ಕೇಳುತ್ತದೆ, ಮಗು ಉತ್ತರ ಕೊಡುತ್ತದೆ, ಕ್ಯಾಮೆರಾ ಮತ್ತು ಮೈಕು ಆ ಉತ್ತರವನ್ನು ಹಿಡಿದು ನಾಳಿನ ಪಾಠ ತಯಾರು ಮಾಡುತ್ತವೆ. ದಿನಕ್ಕೆ ನಲವತ್ತು ನಿಮಿಷ, ಮನೆಯಲ್ಲೇ.

ಮನೆಯ ಪಾಠ ಯಂತ್ರಕ್ಕೆ, ಶಾಲೆಯ ಪಾಠ ನನಗೆ ಎಂದು ನಾನು ನನ್ನ ಪಠ್ಯಪುಸ್ತಕ ಹಿಡಿದುಕೊಂಡೆ. ವಾರಕ್ಕೊಮ್ಮೆ, “ಮನೇಲಿ ನೋಡ್ತಿದೀರೇನ್ರೋ?” ಎಂದು ಕೇಳುತ್ತಿದ್ದೆ. “ದಿನಾ ನೋಡ್ತೀವ್ರಿ ಟೀಚರ್ರ” ಎಂದು ಮೂವತ್ತೆಂಟು ಬಾಯಿ ಒಟ್ಟಿಗೆ ಹೇಳುತ್ತಿದ್ದವು. ಅಲ್ಲಿಗೆ ನನ್ನ ಕೆಲಸ ಮುಗಿಯುತ್ತಿತ್ತು.

ಜನವರಿಯಲ್ಲಿ ಧಾರವಾಡದಿಂದ ಪತ್ರ ಬಂತು, ಕೂಡಲೇ ಬಂದು ಕಾಣಿ ಎಂದು.

ಪಡಿಯಚ್ಚಿನ ನಿಯಂತ್ರಣ ಕೊಠಡಿಯನ್ನು ನಾನು ಅದೇ ಮೊದಲು ನೋಡಿದ್ದು. ಗೋಡೆ ತುಂಬ ಪರದೆ, ಒಂದೊಂದು ಪರದೆಯಲ್ಲಿ ಒಂದೊಂದು ಶಾಲೆ. ಅಷ್ಟೆಲ್ಲ ಯಂತ್ರಗಳ ನಡುವೆ ಗೋಡೆಯ ಗಡಿಯಾರ ಮಾತ್ರ ಹತ್ತೂಕಾಲಿಗೆ ನಿಂತುಬಿಟ್ಟಿತ್ತು. ಯಂತ್ರವನ್ನು ಕಟ್ಟಿದ ವಿಜ್ಞಾನಿ ಡಾಕ್ಟರ್ ಫರ್ಜಾನಾ ಮುಲ್ಲಾ ಅಲ್ಲಿದ್ದರು, ಹುಬ್ಬಳ್ಳಿಯ ಹೆಣ್ಣುಮಗಳು, ಕೈಯಲ್ಲಿ ಸದಾ ಒಂದು ಲೋಟ ಚಹಾ. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಪರಿಶೀಲನಾಧಿಕಾರಿ ವಾದಿರಾಜ್. ಅವರ ಮುಖದಲ್ಲಿ ನಗು ಎಂಬುದು ರಜೆಯ ಮೇಲೆ ಹೋಗಿತ್ತು.

“ನೋಡಿ ಮೇಡಂ,” ಎಂದು ವಾದಿರಾಜ್ ಪರದೆಯ ಮೇಲೆ ಏರುತ್ತ ಹೋದ ಒಂದು ಗೆರೆ ತೋರಿಸಿದರು. “ಇದು ನಿಮ್ಮ ಶಾಲೆಯ ಪ್ರಗತಿ. ಇಡೀ ವಿಭಾಗಕ್ಕೇ ಮೊದಲು. ಈಗ ಇದನ್ನ ನೋಡಿ.” ಕೆಳಗೆ ಇನ್ನೊಂದು ಗೆರೆ ನೆಲ ಹಿಡಿದು ಮಲಗಿತ್ತು. “ಇದು ದನಿ. ಏಳು ತಿಂಗಳಲ್ಲಿ ನಿಮ್ಮ ಮಕ್ಕಳು ಒಂದೇ ಒಂದು ಪದ ಬಾಯಿಬಿಟ್ಟು ಹೇಳಿಲ್ಲ. ಮೈಕಿಗೆ ಬಂದಿರೋದು ಬರೀ ಗದ್ದಲ. ಮಾತೇ ಆಡದೆ ಪಾಠ ದಾಟೋದು ಹೇಗೆ? ಯಾರೋ ಯಂತ್ರಕ್ಕೆ ಮೋಸ ಮಾಡ್ತಿದಾರೆ.”

“ಯಾರೋ ಅಂದ್ರೆ ಯಾರು?”

“ಆ ಊರಲ್ಲಿ ಇಂಗ್ಲಿಷ್ ಬರೋರು ಎಷ್ಟು ಜನ ಇದಾರೆ ಮೇಡಂ?”

ನನ್ನ ಮೈ ಉರಿದುಹೋಯಿತು. “ಸ್ವಾಮಿ, ಆ ಯಂತ್ರ ಆನ್ ಮಾಡೋಕೂ ನನಗೆ ಬರಲ್ಲ. ಇನ್ನು ಅದಕ್ಕೆ ಮೋಸ ಬೇರೆ ಮಾಡ್ತೀನಾ?” ಎಂದೆ. ಅದು ನಿಜವೇ ಆಗಿತ್ತು, ಆದರೆ ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಏಳು ತಿಂಗಳು ಮಕ್ಕಳ ಕೈಯಲ್ಲಿದ್ದ ವಸ್ತುವನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಫರ್ಜಾನಾ ಚಹಾ ಕೆಳಗಿಟ್ಟರು. “ಸರ, ಮಕ್ಕಳ ಬಾಯಿಲೇ ಕೇಳಿಬಿಡೂಣು. ನೇರ ವಿಡಿಯೊದೊಳಗ ನಾವ ಪ್ರಶ್ನೆ ಕೇಳೂಣು. ಬಂದ್ರ ಬಂತು, ಇಲ್ಲಾಂದ್ರ ಇಲ್ಲ.”

ಹನ್ನೊಂದನೆಯ ದಿನಕ್ಕೆ ಪರೀಕ್ಷೆ ನಿಗದಿಯಾಯಿತು. ಮಕ್ಕಳು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಮಾತಾಡಬೇಕು. ಆಡದಿದ್ದರೆ ಟ್ಯಾಬುಗಳು ವಾಪಸ್ಸು, ಜೊತೆಗೆ ಆ ವರ್ಷದ ಮೌಖಿಕ ಪರೀಕ್ಷೆಯ ಇಪ್ಪತ್ತೈದು ಅಂಕ ಮೂವತ್ತೆಂಟು ಮಕ್ಕಳಿಗೂ ಸೊನ್ನೆ. ಆ ಇಪ್ಪತ್ತೈದು ಹೋದರೆ ಅರ್ಧ ತರಗತಿ ಇಂಗ್ಲಿಷಿನಲ್ಲಿ ಗೋತಾ ಹೊಡೆಯುತ್ತದೆ ಎಂಬುದು ನನಗೆ ಬಸ್ಸು ಹತ್ತುವ ಮೊದಲೇ ಗೊತ್ತಿತ್ತು.

ಮರುದಿನ ಮೊದಲ ಪೀರಿಯಡ್ಡಿನಲ್ಲೇ ಪುಸ್ತಕ ಮುಚ್ಚಿಟ್ಟೆ. “ಟ್ಯಾಬಲ್ಲಿ ಕಲಿತಿದ್ದು ಹೇಳಿ. ನಿಮ್ಮ ಮನೆ ಬಗ್ಗೆ ಇಂಗ್ಲಿಷಲ್ಲಿ ಮಾತಾಡಿ. ಶಾಕಂಬರಿ, ನೀನು ಏಳು.”

ಶಾಕಂಬರಿ ಮೊದಲ ಬೆಂಚಿನವಳು. ಉದ್ದ ಕತ್ತು, ಎರಡು ಜಡೆ, ಕೇಳಿದ್ದಕ್ಕಷ್ಟೇ ಮಾತು. ಎದ್ದು ನಿಂತಳು. ಕೈಕಟ್ಟಿಕೊಂಡಳು. ನನ್ನ ಮುಖ ನೋಡುತ್ತ ಬಾಯಿ ಆಡಿಸತೊಡಗಿದಳು. ತುಟಿ ತೆರೆಯಿತು, ಮುಚ್ಚಿತು, ನಾಲಿಗೆಯ ತುದಿ ಹಲ್ಲಿಗೆ ತಾಗಿತು, ಹುಬ್ಬು ಏರಿತು, ನಡುವೆ ಒಂದು ಸಣ್ಣ ನಗು ಕೂಡ ಬಂತು. ದನಿ ಮಾತ್ರ ಇಲ್ಲ. ಎರಡು ನಿಮಿಷ ಹೀಗೆ ಮಾಡಿ, ಬಲು ತೃಪ್ತಿಯಿಂದ ಕುಳಿತಳು.

“ಏನೇ ಇದು, ನನ್ನನ್ನೇ ಆಡಿಕೊಳ್ತಿದೀಯಾ?”

“ಯಾಕ್ರಿ ಟೀಚರ್ರ, ತಪ್ಪಾತೇನ್ರಿ?” ಎಂದಳು, ಈಗ ಕನ್ನಡದಲ್ಲಿ, ಗಟ್ಟಿಯಾಗಿ.

ಹಿಂದಿನ ಬೆಂಚಿನ ಮಾಳಿಂಗನನ್ನು ಎಬ್ಬಿಸಿದೆ. ಅವನದೂ ಅದೇ ಮೂಕಾಭಿನಯ. ಮೂರನೆಯವಳು, ನಾಲ್ಕನೆಯವನು, ಎಲ್ಲರದೂ ಅದೇ. ಇನ್ನೂ ವಿಚಿತ್ರವೆಂದರೆ, ಒಬ್ಬ ಬಾಯಿ ಆಡಿಸಿದಾಗ ಉಳಿದವರು ಸರಿಯಾದ ಜಾಗದಲ್ಲಿ ನಗುತ್ತಿದ್ದರು. ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿದೆ, ಇವರಿಗೆ ಆಟ. ಬಾಯಿಗೆ ಬಂದ ಹಾಗೆ ಬೈದೆ. ಇಡೀ ತರಗತಿಯನ್ನು ಹೊರಗೆ ನಿಲ್ಲಿಸಿದೆ. ಅವರು ತಲೆ ತಗ್ಗಿಸಿ ನಿಂತರು, ಯಾಕೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಶಾಕಂಬರಿ ಅಳುತ್ತಿದ್ದಳು.

ಅವಳ ಅಳು ನನ್ನನ್ನು ಸಂಜೆಯವರೆಗೂ ಬಿಡಲಿಲ್ಲ. ಆಡಿಕೊಳ್ಳುವ ಹುಡುಗಿ ಹಾಗೆ ಅಳುವುದಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಮನೆಯನ್ನು ಕೇಳಿಕೊಂಡು ಹೊರಟೆ.

ಬಾಗಿಲು ತೆರೆದೇ ಇತ್ತು. ಒಳಗೆ ನಾಲ್ಕು ಮಗ್ಗ ಒಟ್ಟಿಗೆ ನಡೆಯುತ್ತಿದ್ದವು. ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಬಡಿಯುವ ಸದ್ದು ಕಿವಿಗೆ ಬೀಳುವುದಲ್ಲ, ಎದೆಗೇ ಬೀಳುತ್ತಿತ್ತು. ಒಂದು ಮಗ್ಗದ ಬಳಿ ಶಾಕಂಬರಿಯ ತಾಯಿ ತುಂಗವ್ವ ನಿಂತಿದ್ದಳು. ಆ ತುದಿಯಲ್ಲಿ ಶಾಕಂಬರಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತುಂಗವ್ವ ಮಗಳ ಕಡೆ ನೋಡಿ ತುಟಿ ಆಡಿಸಿದಳು. ಮಗಳು ತುಟಿಯಲ್ಲೇ ಏನೋ ಹೇಳಿದಳು. ತುಂಗವ್ವ ನಕ್ಕಳು. ಇಪ್ಪತ್ತು ಅಡಿ ದೂರದಲ್ಲಿ, ಆ ಗದ್ದಲದಲ್ಲಿ, ತಾಯಿ ಮಗಳು ಆರಾಮಾಗಿ ಹರಟೆ ಹೊಡೆಯುತ್ತಿದ್ದರು.

ಮಗ್ಗದ ಕಂಬಕ್ಕೆ ಒಂದು ಮೊಳೆ, ಮೊಳೆಗೆ ನೇತುಹಾಕಿದ ಟ್ಯಾಬ್. ಅದರಲ್ಲಿ ಇನ್ನೊಬ್ಬ ಶಾಕಂಬರಿ, ಎಂಟು ದಿನ ಮುಂದಿನವಳು, ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಅವಳ ದನಿ ಯಾರಿಗೂ ಕೇಳುತ್ತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ನಮ್ಮ ಶಾಕಂಬರಿ ಅವಳ ತುಟಿ ನೋಡಿದಳು, ತುಟಿಯಲ್ಲೇ ಉತ್ತರ ಕೊಟ್ಟಳು. ಪರದೆಯ ಹುಡುಗಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು.

ನಾನು ಹೊಸ್ತಿಲ ಮೇಲೆ ಹಾಗೇ ನಿಂತುಬಿಟ್ಟೆ. ಬೆಳಿಗ್ಗೆ ಆ ಹುಡುಗಿ ನನ್ನ ಮುಂದೆ ಎರಡು ನಿಮಿಷ ಒಳ್ಳೆಯ ಇಂಗ್ಲಿಷ್ ಮಾತಾಡಿದ್ದಳು. ನಾನು ಅವಳನ್ನು ಬಿಸಿಲಲ್ಲಿ ನಿಲ್ಲಿಸಿದ್ದೆ.

ತುಂಗವ್ವ ನನ್ನನ್ನು ಕಂಡು ಬಾಯಿ ಆಡಿಸಿದಳು. ನಾನು ಕಿವಿಯ ಹಿಂದೆ ಕೈ ಇಟ್ಟೆ. ಅವಳು ಇನ್ನೊಮ್ಮೆ ಆಡಿಸಿದಳು, ಕಡೆಗೆ ಸೋತು, ಒಂದಾದ ಮೇಲೊಂದು ನಾಲ್ಕೂ ಮಗ್ಗ ನಿಲ್ಲಿಸಿದಳು.

“ಒಳಗ ಬರ್ರಿ ಅಂದೆ ಅಕ್ಕಾರ. ನೀವು ಮಗ್ಗದ ಮನ್ಯಾಗ ಕಿವುಡರಿದ್ದಂಗ ನೋಡ್ರಿ,” ಎಂದು ನಕ್ಕಳು.

“ಅಲ್ಲಮ್ಮಾ, ಕಿವಿಗೆ ಹಾಕೋಕೆ ಹೆಡ್‌ಫೋನ್ ಕೊಟ್ಟಿದ್ರಲ್ಲ?”

“ಅದರಾಗ ಕಿವಿ ಮುಚ್ಚಿದ್ರ ಮಗ್ಗ ಹೆಂಗ ಕೇಳಬೇಕ್ರಿ? ಎಳಿ ಹರಿದ್ರ ಸದ್ದು ಬದಲಾಕ್ಕೈತಿ. ಕಿವಿ ಮಗ್ಗಕ್ಕ, ಕಣ್ಣು ಮಾತಿಗೆ. ಇಲ್ಲಿ ಎಲ್ಲಾರ ಮನ್ಯಾಗೂ ಹಂಗ. ಸಣ್ಣ ಕೂಸೂ ತುಟಿ ಓದತೈತಿ.”

ಶಾಕಂಬರಿ ಕಂಡಿಕೆ ಕೆಳಗಿಟ್ಟು ನಿಂತಿದ್ದಳು. “ಟೀಚರ್ರ, ಇಂಗ್ಲಿಷ್ ಮಾತಾಡೂದು ಅಂದ್ರ ಹಿಂಗ ಅಂತ ತಿಳದಿದ್ದೆ ರೀ. ಪುಸ್ತಕದ್ದು ಓದೂದು ಬ್ಯಾರೆ, ಇದು ಬ್ಯಾರೆ ಅಂತ.”

ನಾನು ಅವಳ ಕೈ ಹಿಡಿದುಕೊಂಡು, “ಬೈದದ್ದು ತಪ್ಪಾಯ್ತು ಕಣೆ” ಎಂದೆ. ಅವಳು ಗಾಬರಿಯಾಗಿ ತಾಯಿಯ ಮುಖ ನೋಡಿದಳು. ಟೀಚರು ತಪ್ಪಾಯಿತು ಎಂದರೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ತಾಯಿ ತುಟಿಯಲ್ಲಿ ಏನೋ ಹೇಳಿಕೊಟ್ಟಳು. “ಇರ್ಲಿ ಬಿಡ್ರಿ” ಎಂದಳು ಹುಡುಗಿ.

ಆ ಸಂಜೆ ಫರ್ಜಾನಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಯಂತ್ರದ ಹಳೆಯ ದಾಖಲೆ ತೆಗೆದು ನೋಡಿದರು. ಒಂದು ತಾಸಿನ ಮೇಲೆ ತಾವೇ ಫೋನ್ ಮಾಡಿದರು. ಫೋನಿನಲ್ಲಿ ದೊಡ್ಡ ನಗು.

“ಟೀಚರ್, ನಿಮ್ಮೂರಾಗ ಮೈಕ್ ಉಪಯೋಗಿಲ್ಲ ಅಂತ ಯಂತ್ರ ಮೂರನೇ ದಿನಕ್ಕ ತಿಳಕೊಂಡೈತಿ. ತಾನಾಗೇ ಕಿವಿ ಬಿಟ್ಟು ಕಣ್ಣು ಹಿಡದೈತಿ. ಮಕ್ಕಳ ತುಟಿ ನೋಡೇ ಪಾಠ ಮುಂದ ಒಯ್ದೈತಿ. ನಾವು ಅದಕ್ಕ ಇದನ್ನ ಕಲಿಸಿಲ್ಲ. ನಿಮ್ಮ ಮಕ್ಕಳು ಕಲಿಸ್ಯಾರ.”

“ಹಾಗಾದ್ರೆ ಮೋಸ ಇಲ್ಲ ಅಂತ ಆಯ್ತಲ್ಲ?”

“ನನಗಾತು. ವಾದಿರಾಜ್ ಅವರಿಗೆ ಹೇಳೇನಿ. ನಂಬವಲ್ರು. ನಿಯಮದಾಗ ದನಿ ಅಂತ ಐತಿ, ದನಿ ಕೇಳಸ್ರಿ ಅಂತಾರ.”

ಇನ್ನು ಒಂಬತ್ತು ದಿನ. ಮೂವತ್ತೆಂಟು ಮಕ್ಕಳ ತುಟಿಯ ಮೇಲಿದ್ದ ಇಂಗ್ಲಿಷನ್ನು ಗಂಟಲಿಗೆ ಇಳಿಸಬೇಕಿತ್ತು.

ಇದು ಸುಲಭ ಎಂದುಕೊಂಡರೆ ನಿಮ್ಮ ಊಹೆ ತಪ್ಪು, ನನ್ನದೂ ತಪ್ಪಾಗಿತ್ತು. ಟ್ಯಾಬುಗಳನ್ನು ಶಾಲೆಗೆ ತರಿಸಿದೆ. ಮೂವತ್ತೆಂಟು ಪಡಿಯಚ್ಚುಗಳು ಒಂದೇ ಕೋಣೆಯಲ್ಲಿ ಬಾಯಿ ತೆರೆದಾಗ ಸಂತೆಯೇ ನೆರೆಯಿತು. ಒಬ್ಬೊಬ್ಬರನ್ನೇ ಮರದ ಕೆಳಗೆ ಕೂರಿಸಿದೆ. ದನಿ ಹಚ್ಚಿ ಎಂದರೆ ಸಾಕು, ತುಟಿಯ ಮೇಲಿನ ಮಾತು ಹಾರಿಹೋಗಿ ಪಠ್ಯಪುಸ್ತಕದ ರಾಗ ಶುರುವಾಗುತ್ತಿತ್ತು, ಇಪ್ಪತ್ತೊಂದು ವರ್ಷ ನಾನೇ ಕಲಿಸಿದ ರಾಗ. ಅದರ ಮೇಲೆ ತುಟಿಯಲ್ಲಿ ಪ, ಬ, ಮ ಮೂರೂ ಒಂದೇ ಥರ ಕಾಣುವುದರಿಂದ ಮೂರೂ ಕಲಸಿಹೋಗುತ್ತಿದ್ದವು. ಬಾಯಿಗೂ ಗಂಟಲಿಗೂ ಮಾತು ಬಿಟ್ಟ ಹಾಗಿತ್ತು. ನಾಲ್ಕು ದಿನ, ಐದು ದಿನ, ಆರು ದಿನ ಕಳೆದವು. ಶಾಕಂಬರಿ ಮೂರು ಪದ ಆಡುವಷ್ಟರಲ್ಲಿ ಬೆವೆತು ನಿಲ್ಲುತ್ತಿದ್ದಳು.

“ಆಕಿ ನನ್ನ ದನ್ಯಾಗ ಮಾತಾಡಿದ್ರ ನಂಗ ನಾಚಿಕಿ ಬರತೈತ್ರಿ,” ಎಂದಳು ಒಮ್ಮೆ. “ನನ್ನ ದನಿ ಹಂಗೈತೇನ್ರಿ?”

“ಹಾಗೇ ಇದೆ. ಯಾಕೆ, ಚೆನ್ನಾಗಿಲ್ವಾ?”

“ಗೊತ್ತಿಲ್ರಿ. ನಾ ಎಂದೂ ಕೇಳಿಲ್ಲ.”

ನನಗೆ ಆಗ ಹೊಳೆಯಿತು. ಈ ಮಕ್ಕಳ ಇಂಗ್ಲಿಷ್ ಹುಟ್ಟಿದ್ದು ಶಾಲೆಯಲ್ಲಲ್ಲ, ಮಗ್ಗದ ಪಕ್ಕದಲ್ಲಿ. ಅದಕ್ಕೆ ದನಿ ಬರಬೇಕಾದರೂ ಅಲ್ಲೇ ಬರಬೇಕು. ಆದರೆ ಮಗ್ಗ ನಡೆಯುವ ಮನೆಯಲ್ಲಿ ದನಿ ಕೇಳುವುದು ಹೇಗೆ? ಹಾಗೆಂದು ತುಂಗವ್ವನ ಮುಂದೆ ಗೋಳಾಡಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

“ನಾಳೆ ಅಮಾಸಿ ಅಲ್ರಿ ಅಕ್ಕಾರ? ಅಮಾಸಿಗೆ ಯಾರು ಮಗ್ಗ ನಡಸ್ತಾರ?”

ಏಳು ತಿಂಗಳು ಅಮಾವಾಸ್ಯೆ ಅಮಾವಾಸ್ಯೆಗೂ ಊರಿನ ಸದ್ದು ನಿಲ್ಲುತ್ತಿತ್ತು, ನಾನು ಊರಾಚೆಯ ಮನೆಯಲ್ಲಿ ಅದನ್ನು ಗಮನಿಸಿಯೂ ಇರಲಿಲ್ಲ. ನೇಕಾರರು ಆ ದಿನ ಮಗ್ಗಕ್ಕೆ ಪೂಜೆ ಮಾಡಿ ಕೈ ಮುಗಿದು ಸುಮ್ಮನಿರುತ್ತಾರೆ. ಮನೆಯವರಿಗೆ ತಲೆಸ್ನಾನ, ಹೋಳಿಗೆ, ನೆಂಟರ ಮನೆ. ಟ್ಯಾಬಿಗೂ ಅದೇ ರಜೆ. ಮೂವತ್ತೆಂಟೂ ಮನೆಗೆ ಹೇಳಿ ಕಳಿಸಿದೆ, ಈ ಅಮಾವಾಸ್ಯೆಗೆ ಯಾರೂ ನೆಂಟರ ಮನೆಗೆ ಹೋಗಬೇಡಿ, ಟ್ಯಾಬಿನ ದನಿ ಪೂರ್ತಿ ಏರಿಸಿ, ಮನೆಮಂದಿಯೆಲ್ಲ ಕೂತು ಕೇಳಿ ಎಂದು.

ಬೆಳಿಗ್ಗೆ ಒಂಬತ್ತಕ್ಕೆ ತುಂಗವ್ವನ ಮನೆ ಸೇರಿದೆ. ಮಗ್ಗಗಳ ಮೇಲೆ ಅರಿಶಿನ ಕುಂಕುಮ, ಒಂದೊಂದು ಸೇವಂತಿಗೆ. ಗುಬ್ಬಿ ಚಿಲಿಪಿಲಿಗುಡುವುದು ಕೂಡ ಕೇಳಿಸುತ್ತಿತ್ತು. ಶಾಕಂಬರಿಯ ತಂದೆ ಬಾಗಿಲ ಬಳಿ ಕುಳಿತಿದ್ದ, ಅಜ್ಜಿ ಹಾಸಿಗೆಯಿಂದ ಎದ್ದು ಕುಳಿತಿದ್ದಳು. ಟ್ಯಾಬ್ ಹಚ್ಚಿದರು. ಕಂಬದ ಮೇಲಿನ ಶಾಕಂಬರಿ ಕಣ್ಣು ಮಿಟುಕಿಸಿ ದನಿಯೆತ್ತಿ ಮಾತಾಡಿದಳು. ಈ ಮನೆಯಲ್ಲಿ ಅವಳ ದನಿ ಕೇಳಿಸಿದ್ದು ಅದೇ ಮೊದಲು.

ಅಜ್ಜಿ ಬೆಚ್ಚಿಬಿದ್ದಳು. “ಅಯ್ಯ ನಮ್ಮವ್ವ, ಇದು ನಮ್ಮ ಹುಡುಗೀದ ದನಿ.”

ಪರದೆಯ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ಇವತ್ತು ನಿಮ್ಮ ಮನೆಯಲ್ಲಿ ಏನು ಅಡುಗೆ? ಶಾಕಂಬರಿ ತುಟಿ ಆಡಿಸಿದಳು. ದನಿ ಇಲ್ಲ. ಹುಡುಗಿ ಮತ್ತೆ ಕೇಳಿದಳು. ಶಾಕಂಬರಿ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿತ್ತು. ಪರೀಕ್ಷೆಗೆ ಇನ್ನು ಎರಡೇ ದಿನ ಉಳಿದಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ, ಲಟ್ಟಣಿಗೆ ಹಿಡಿದುಕೊಂಡೇ ಬಂದ ತುಂಗವ್ವ ಕಂಬದ ಮುಂದೆ ನಿಂತಳು. “ಪಾಪ, ಎಷ್ಟೊತ್ತಿಂದ ಕೇಳಾಕತ್ತೈತಿ ಕೂಸು. ಯಾರರ ಹೇಳಬಾರದೇನ?” ಎಂದವಳೇ, ಪರದೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಹೌದು, ತುಂಗವ್ವನೇ. ಏಳು ತಿಂಗಳು ಮಗ್ಗದ ಆ ಕಡೆಯಿಂದ ಅವಳೂ ಆ ತುಟಿ ಓದುತ್ತ ಬಂದಿದ್ದಳು. ಹೋಳಿಗೆ ಮಾಡುತ್ತಿದ್ದೇವೆ, ಬಾ, ಕೂತ್ಕೋ, ತಿನ್ನು, ಎಂಬುದು ಅವಳ ಮಾತಿನ ಅರ್ಥ. ಉಚ್ಚಾರ ಮಾತ್ರ ಆ ದೇವರಿಗೇ ಪ್ರೀತಿ.

“ಹಂಗಲ್ಲಬೇ ಯವ್ವ,” ಎಂದಳು ಶಾಕಂಬರಿ ತಟ್ಟನೆ, ಮತ್ತು ಅದೇ ಮಾತನ್ನು ಸರಿಯಾಗಿ ಹೇಳಿ ತೋರಿಸಿದಳು, ಇಂಗ್ಲಿಷಿನಲ್ಲಿ, ಪೂರ್ತಿ ದನಿಯಲ್ಲಿ, ರಾಗವಿಲ್ಲದೆ. ತಾಯಿ ಇನ್ನೊಮ್ಮೆ ತಪ್ಪು ಹೇಳಿದಳು. ಮಗಳು ಇನ್ನೊಮ್ಮೆ ತಿದ್ದಿದಳು. ನಾಲ್ಕನೆಯ ಸಲ ಹೇಳುವಾಗ ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಹೊಳೆದು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಕೈ ತೆಗೀ,” ಎಂದ ಅಪ್ಪ. “ಚಂದ ಐತಿ. ಇನ್ನಷ್ಟು ಮಾತಾಡು.”

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಖುಷಿಗೆ ಅತ್ತೆ ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಹೊರಗೆ ಬಂದು ಓಣಿಯಲ್ಲಿ ನಡೆದೆ. ಮನೆಮನೆಯಿಂದಲೂ ಮಕ್ಕಳ ದನಿ ಕೇಳಿಬರುತ್ತಿತ್ತು. ಇಲ್ಲಿ ಒಬ್ಬ ತನ್ನ ಎತ್ತರ ಹೇಳುತ್ತಿದ್ದ, ಅಲ್ಲಿ ಒಬ್ಬಳು ಅಂಗಡಿಯಲ್ಲಿ ಸಾಬೂನು ಕೇಳುತ್ತಿದ್ದಳು. ಪ, ಬ, ಮ ಎಲ್ಲೆಂದರಲ್ಲಿ ಬೀಳುತ್ತಿದ್ದವು, ಅಜ್ಜಂದಿರು ನಗುತ್ತಿದ್ದರು. ಮಾಳಿಂಗನ ಮನೆಯಲ್ಲಿ ಅವನೂ ಅವನ ಪಡಿಯಚ್ಚೂ ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತಿದ್ದರು. ಅವನಮ್ಮ ಯಾರ ಪಕ್ಷ ವಹಿಸುವುದೆಂದು ತಿಳಿಯದೆ ಇಬ್ಬರಿಗೂ ಬೈಯುತ್ತಿದ್ದಳು.

ಪರೀಕ್ಷೆಯ ದಿನ ಶಾಲೆಯ ಹಾಲಿನಲ್ಲಿ ದೊಡ್ಡ ಪರದೆ ಕಟ್ಟಿದೆವು. ಪರದೆಯ ಮೇಲೆ ಧಾರವಾಡದ ಕೊಠಡಿ, ಮೇಜಿನ ಹಿಂದೆ ವಾದಿರಾಜ್, ಪಕ್ಕದಲ್ಲಿ ಚಹಾ ಹಿಡಿದ ಫರ್ಜಾನಾ. ಮೂವತ್ತೆಂಟು ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತಿದ್ದರು.

ವಾದಿರಾಜ್ ಪಟ್ಟಿ ಹಿಡಿದು ಪ್ರಶ್ನೆ ಕೇಳಿದರು. ಶಾಕಂಬರಿ ಎದ್ದು ತನ್ನ ಮನೆ, ಊರು, ಮಗ್ಗದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದಳು. ದನಿ ಮೊದಲು ತಡವರಿಸಿತು, ಆಮೇಲೆ ಗಟ್ಟಿಯಾಯಿತು. ಮಾಳಿಂಗ ಮಾತಾಡಿದ. ಮೂರನೆಯವಳು, ನಾಲ್ಕನೆಯವನು. ಹತ್ತು ಜನ ಆಗುವಷ್ಟರಲ್ಲಿ ನಾನು ಹಿಗ್ಗಿ ಹೀರೆಕಾಯಿಯಾಗಿದ್ದೆ.

ವಾದಿರಾಜ್ ಹಿಗ್ಗಲಿಲ್ಲ. ಅವರು ಮೈಕಿನ ಗುಂಡಿ ಒತ್ತಿದರು. ನಮ್ಮ ಕಡೆ ದನಿ ನಿಂತುಹೋಯಿತು. ಪರದೆಯಲ್ಲಿ ಅವರು ಫರ್ಜಾನಾ ಕಡೆ ಅರ್ಧ ತಿರುಗಿ ಏನೋ ಹೇಳುವುದು ಕಾಣಿಸಿತು. ನಮಗೆ ಕೇಳಬಾರದೆಂದೇ ಮೈಕು ಮುಚ್ಚಿದ್ದರು. ಫರ್ಜಾನಾ ತಲೆ ಅಡ್ಡ ಆಡಿಸಿದರು. ನಾನು ಏನೂ ತಿಳಿಯದೆ ಕೂತೆ.

ಶಾಕಂಬರಿ ಎದ್ದು ನಿಂತಳು. ಯಾರೂ ಅವಳನ್ನು ಕರೆದಿರಲಿಲ್ಲ. ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದಳು.

“ಸರ್, ನಾವು ಬಾಯಿಪಾಠ ಮಾಡಿಲ್ಲ. ನಮ್ಮ ಟೀಚರ್ ಮೊದಲೇ ಪ್ರಶ್ನೆ ಕೊಟ್ಟಿಲ್ಲ. ನಮ್ಮ ಟೀಚರ್ ಬಗ್ಗೆ ಹಾಗೆ ಹೇಳಬೇಡಿ. ಬೇಕಾದರೆ ಪಟ್ಟಿಯಲ್ಲಿ ಇಲ್ಲದ್ದು ಕೇಳಿ.”

ವಾದಿರಾಜ್ ಮೈಕಿನ ಗುಂಡಿ ನೋಡಿದರು. ಅದು ಮುಚ್ಚಿಯೇ ಇತ್ತು. ತೆರೆದು, “ನಿನಗೆ ನನ್ನ ಮಾತು ಕೇಳಿಸ್ತಾ?” ಎಂದರು, ಕನ್ನಡದಲ್ಲೇ.

“ಇಲ್ರಿ ಸರ್. ಕಾಣಿಸ್ತು.”

ವಾದಿರಾಜ್ ಅವಳನ್ನೇ ನೋಡಿದರು. ಆಮೇಲೆ, ಬೇಕೆಂದೇ, ನಮಗೆಲ್ಲ ತೋರುವ ಹಾಗೆ ಬೆರಳೆತ್ತಿ ಮೈಕನ್ನು ಮತ್ತೆ ಮುಚ್ಚಿದರು. ಪಟ್ಟಿಯನ್ನು ಮಗುಚಿಟ್ಟರು. ಇಡೀ ತರಗತಿಯ ಕಡೆ ಮುಖ ಮಾಡಿ ತುಟಿ ಆಡಿಸಿದರು.

“ಎ ಕ್ಲಾಕ್, ಸರ್,” ಎಂದಿತು ತರಗತಿ, ಒಕ್ಕೊರಲಿನಿಂದ. ಮಾಳಿಂಗ ಒಬ್ಬನೇ ಮುಂದುವರಿಸಿದ, “ಇಟ್ ಈಸ್ ನಾಟ್ ವರ್ಕಿಂಗ್, ಸರ್.”

ಅವರು ಕೇಳಿದ್ದು, ನನ್ನ ಹಿಂದೆ ಗೋಡೆಯ ಮೇಲೆ ಏನಿದೆ ಎಂದು. ವಾದಿರಾಜ್ ತಿರುಗಿ ತಮ್ಮ ಹಿಂದಿನ ಗೋಡೆ ನೋಡಿದರು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಆಗ ಸಮಯ ಹನ್ನೆರಡು ಆಗಿತ್ತು. ರಜೆಗೆ ಹೋಗಿದ್ದ ನಗು ಆ ಮನುಷ್ಯನ ಮುಖಕ್ಕೆ ವಾಪಸ್ಸು ಬಂತು, ಮೊದಲು ಸ್ವಲ್ಪ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ಫರ್ಜಾನಾರ ಚಹಾ ಮೇಜಿನ ಮೇಲೆ ಚೆಲ್ಲಿತು.

ಉಳಿದ ಪರೀಕ್ಷೆಯೆಲ್ಲ ಹಾಗೇ ನಡೆಯಿತು. ಮೈಕು ಮುಚ್ಚಿಕೊಂಡು ಅವರು ತುಟಿಯಲ್ಲಿ ಕೇಳಿದರು, ಮಕ್ಕಳು ದನಿಯಲ್ಲಿ ಉತ್ತರ ಕೊಟ್ಟರು. ಯಾವ ಬಾಯಿಪಾಠವೂ ಅಷ್ಟು ಮಾಡಲಾರದೆಂದು ಅವರೇ ವರದಿಯಲ್ಲಿ ಬರೆದರು. ಕೊನೆಯಲ್ಲಿ ಮೈಕು ತೆರೆದು, “ಮೇಡಂ, ನಿಮ್ಮ ಬಗ್ಗೆ ಅಂದಿದ್ದಕ್ಕೆ ಕ್ಷಮಿಸಿ,” ಎಂದರು.

“ಇರ್ಲಿ ಬಿಡ್ರಿ” ಎಂದೆ. ಶಾಕಂಬರಿ ಕಲಿಸಿದ ಉತ್ತರ. ಇಪ್ಪತ್ತೈದು ಅಂಕವೂ ಉಳಿಯಿತು, ಟ್ಯಾಬುಗಳೂ ಉಳಿದವು.

ಈಗ ನಾನು ಊರೊಳಗೇ ಮನೆ ಮಾಡಿದ್ದೇನೆ. ಮಕ್ಕಳು ನನಗೆ ದಿನಾ ತುಟಿ ಓದುವ ಪಾಠ ಮಾಡುತ್ತಾರೆ. ಟೀಚರ್ರ ಇನ್ನೂ ಒಂದನೇತ್ತ, ಅಂದರೆ ಒಂದನೇ ಕ್ಲಾಸು, ಎಂದು ಮಾಳಿಂಗ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ, ಅವನು ಆಡಿಕೊಂಡದ್ದು ದೂರದಿಂದಲೇ ಕಾಣಿಸುವಷ್ಟು ನಾನು ಕಲಿತಿದ್ದೇನೆ.

ಮೊನ್ನೆ ಶನಿವಾರ ಮಧ್ಯಾಹ್ನ ತುಂಗವ್ವನ ಮನೆಯ ಬಾಗಿಲಲ್ಲಿ ನಿಂತೆ. ನಾಲ್ಕೂ ಮಗ್ಗ ಭರ್ಜರಿಯಾಗಿ ನಡೆಯುತ್ತಿದ್ದವು. ಅವಳು ನನ್ನನ್ನು ಕಂಡು ತುಟಿ ಆಡಿಸಿದಳು. ಮಗ್ಗ ನಿಲ್ಲಿಸಲು ಕೈ ಚಾಚಿದವಳನ್ನು ನಾನು ಬೇಡ ಎಂದು ತಡೆದು, ಅವಳ ಬಾಯಿಯನ್ನೇ ನೋಡಿದೆ. ಇನ್ನೊಮ್ಮೆ ಹೇಳಿದಳು. ಅದು ಕನ್ನಡವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕಮ್, ಟೀಚರ್. ಸಿಟ್. ಟೀ. ಆಮೇಲೆ ಅವಳು ಕಂಬದ ಮೇಲಿನ ಮಗಳ ವಿಡಿಯೊ ತೋರಿಸಿದಳು, ಅದೇ ಬೆರಳನ್ನು ತನ್ನ ಮುಖದ ಕಡೆ ತಿರುಗಿಸಿದಳು, ಮತ್ತು ಒಂದು ಪ್ರಶ್ನೆ ಕೇಳಿದಳು. ಮೈ ಫೇಸ್, ವೆನ್?

ಫರ್ಜಾನಾಗೆ ನಾನು ಆ ಮಾತು ಆಗಲೇ ಹೇಳಿಯಾಗಿತ್ತು. ಮುಂದಿನ ಅಮಾವಾಸ್ಯೆಗೆ ಕ್ಯಾಮೆರಾ ತಗೊಂಡು ಬರ್ತೀನಿ, ಊರ ತಾಯಂದಿರನ್ನೆಲ್ಲ ಕೂರಿಸಿ ಎಂದಿದ್ದರು ಅವರು. ಅಮಾವಾಸ್ಯೆ ಬರುವುದು ಮರುದಿನದ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ.

“ಏಟ್ ಡೇಸ್,” ಎಂದೆ ನಾನು, ತುಟಿಯಲ್ಲಿ ಮಾತ್ರ.

ಆ ಗದ್ದಲದಲ್ಲಿ ತುಂಗವ್ವನಿಗೆ ಅದು ಸ್ಪಷ್ಟವಾಗಿ ಕೇಳಿಸಿತು.